ನನ್ನ ತಮ್ಮನ ತಲೆ ನೆಟ್ಟಗಿದೆ

ಸಭೆಯ ಅಧ್ಯಕ್ಷರಾದ ವೈಜಿನಾಥ ಕಾಕಾ ಅವರೇ, ಮುಖ್ಯ ಅತಿಥಿಗಳೇ, ಕಲ್ಹೇರ್, ನಾಗಲಗಿದ್ದದಿಂದ ಬಸ್ಸು ಹಿಡಿದು ನಾರಾಯಣಖೇಡಕ್ಕೆ ಬಂದ ಸಭಿಕರೇ,

ಮಿದುಳಿನ ಬಗ್ಗೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದೆನೆಂದು ದೇವಿಕಾ ಎಂಬ ನನಗೆ ಇಂದು ಸನ್ಮಾನ. ಸಂತೋಷ. ಆದರೆ ನಾನು ಏನು ಮಾಡಿದೆನೆಂದು ಯಾರಾದರೂ ಕೇಳಿದ್ದೀರಾ? ಎಲ್ಲರೂ ಕೇಳಿದ್ದು ಒಂದೇ, ಮಕ್ಕಳು ಫೋನ್ ಬಿಡುವಂತೆ ಮಾಡುವ ಗುಳಿಗೆ ಇದೆಯೇ ಎಂದು. ಇಲ್ಲ. ಇನ್ನೂ ಎಷ್ಟು ಸಲ ಹೇಳಲಿ, ಇಲ್ಲ.

ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವಿದೆ. ಬೇಕಾದದ್ದನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಲು, ಬೇಡದ್ದನ್ನು ತಡೆಯಲು ಅದು ಮಿದುಳಿನ ಮುಂಭಾಗಕ್ಕೆ ನೆರವಾಗುತ್ತದೆ. ಸಾರಿಗೆ ಉಪ್ಪಿನ ಹಾಗೆ, ಕಡಿಮೆಯಾದರೂ ಕೆಟ್ಟಿತು, ಹೆಚ್ಚಾದರೂ ಕೆಟ್ಟಿತು. ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳುವುದರಲ್ಲೂ ಅದರ ಪಾಲಿದೆ. ಇದನ್ನು ಅಳೆಯಲು ನನಗೆ ಬೇಕಾದವರು ರೋಗಿಗಳಲ್ಲ, ಆರೋಗ್ಯವಂತರು. ಆರೋಗ್ಯವಂತರು, ತಂದೆಗಳಿರಾ!

ನಮ್ಮ ಕಡೆಯಿಂದ ಯಾರೂ ಬರಲಿಲ್ಲ. ಕೊನೆಗೆ ನನ್ನ ತಮ್ಮ ಜ್ಞಾನೇಶ್ವರ ಬಂದ. ಯಾವ ಕಾಯಿಲೆಯೂ ಇಲ್ಲವೆಂದು ವೈದ್ಯರು ಹೇಳಿದ ಮೇಲೆಯೇ ಅವನನ್ನು ಮಿದುಳಿನ ಸ್ಕ್ಯಾನ್ ಮಾಡುವ ಯಂತ್ರದೊಳಗೆ ಮಲಗಿಸಿದೆವು. ಪರದೆಯ ಮೇಲೆ ಬಾಣ ಕಂಡರೆ ಗುಂಡಿ ಒತ್ತಬೇಕು, ಕೆಂಪು ಕಂಡರೆ ಬೆರಳು ತಡೆಯಬೇಕು. ಚೆನ್ನಾಗಿಯೇ ತಡೆದ. ಆಮೇಲೆ ಯಂತ್ರ ತೆಗೆದ ತಲೆಯ ಚಿತ್ರವನ್ನು ಬಡಾಯಿಗೆ ವಾಟ್ಸಾಪಿನಲ್ಲಿ ಹಾಕಿಕೊಂಡ.

ಅಷ್ಟೇ. ಕಲ್ಹೇರಿನ ರಜನಿಯ ಜೊತೆ ಮಾತಾಗಿದ್ದ ಅವನ ಮದುವೆ ನಿಂತಿತು. ಹುಡುಗಿಯ ತಂದೆ ನಮ್ಮ ಅವ್ವನಿಗೆ ಹೇಳಿದರು: “ತಲಿ ನೆಟ್ಟಗ ಇದ್ದಾಂವ ತಲಿ ತೋರ್ಸಾಕ ಯಾಕ ಹೋಗ್ತಾನ್ರಿ, ಅಕ್ಕಾ?”

ಆ ತಂದೆ ಯಾರೆಂದು ನಾನು ಹೇಳುವುದಿಲ್ಲ. ಹೇಳುವುದಿಲ್ಲವೆಂದು ತಮ್ಮನಿಗೆ ಮಾತು ಕೊಟ್ಟು ಬಂದಿದ್ದೇನೆ. ಆದರೆ ವೈಜಿನಾಥ ಕಾಕಾ, ನೆಟ್ಟಗಿರುವ ತಲೆಗಳನ್ನು ಪರೀಕ್ಷಿಸಿದ್ದಕ್ಕೆ ನನಗೆ ಶಾಲು ಹೊದಿಸುತ್ತೀರಿ, ಅಂಥ ತಲೆ ಇರುವವನಿಗೆ ಮಗಳನ್ನು ಕೊಡುವುದಿಲ್ಲ ಎನ್ನುತ್ತೀರಿ. ಇದೆಂಥ ನ್ಯಾಯ? ಹೇಳಿ ಹೇಳಿ ನನಗೆ ಸಾಕಾಗಿ ಹೋಗಿದೆ.

ಅಲ್ಲಿ ಬಾಗಿಲ ಬಳಿ ತಮ್ಮ ಸುಮ್ಮನಾಗೆಂದು ಕೈಸನ್ನೆ ಮಾಡುತ್ತಿದ್ದಾನೆ. ತಡೆದುಕೊಳ್ಳುವ ಶಕ್ತಿ ಅವನಿಗಿದೆ, ನನಗಿಲ್ಲ. ನಮ್ಮಿಬ್ಬರಲ್ಲಿ ಯಾರ ತಲೆ ಕೆಟ್ಟಿದೆಯೆಂದು ಸಭೆಯೇ ಹೇಳಲಿ.

ನಿನ್ನೆ ರಜನಿ ಫೋನ್ ಮಾಡಿದ್ದಳು. ಇಷ್ಟೇ ಕೇಳಿದಳು: “ನನ್ನ ಯಾರರ ಒಂದ್ ಮಾತು ಕೇಳ್ಯಾರೇನ್ರಿ, ಅಕ್ಕಾ?” ಕಾಕಾ, ನೀವೂ ಕೇಳಿಲ್ಲ, ನಾವೂ ಕೇಳಿಲ್ಲ. ಈಗ ಆಕೆ ಹೆಂಗಸರ ಸಾಲಿನಿಂದ ಎದ್ದು ಬರುತ್ತಿದ್ದಾಳೆ. ಕೈ ಅಡ್ಡ ಮಾಡಬೇಡಿ.

ನನ್ನ ಸಿಟ್ಟನ್ನು ಸಹಿಸಿಕೊಂಡ ನಿಮಗೆಲ್ಲ ಋಣಿ. ಬಾ ತಾಯಿ, ಮೈಕು ಹಿಡಿ. ಎಲ್ಲರಿಗೂ ನಮಸ್ಕಾರ.