ಬಸ್ಸಿನ ಯಜಮಾನ ನಿಂತೇ ಪ್ರಯಾಣ ಮಾಡಿದ

ಬಸ್ಸುಗಳ ಯಜಮಾನನೊಬ್ಬ ಇದ್ದ ಒಂದೂರಲ್ಲಿ. ಭಾರಿ ಶ್ರೀಮಂತ. ಆದರೆ ನೋಡಿ, ಅವನ ಬಸ್ಸಿನಲ್ಲಿ ದಿನಾ ಜಗಳ. ಒಂದೇ ಸೀಟಿಗೆ ಇಬ್ಬರು! ಒಂದು ಆಫೀಸು ಮಾರಿದ ಟಿಕೆಟ್ ಇನ್ನೊಂದಕ್ಕೆ ಗೊತ್ತಿಲ್ಲ. ಬೇಸತ್ತ ಜನ ಬೇರೆಯವರ ಬಸ್ಸು ಹತ್ತತೊಡಗಿದರು. ಅಪ್ಪ ಕಟ್ಟಿದ ಕಂಪನಿ ಮುಚ್ಚಿಹೋಗುತ್ತದೆಂದು ಅವನಿಗೆ ನಿದ್ದೆಯೇ ಇಲ್ಲ.

ಮಗಳು ಯೋಜನೆ ಹಾಕಿದಳು. ಎಲ್ಲ ಆಫೀಸಿಗೂ ಒಂದೇ ಕಂಪ್ಯೂಟರ್ ವ್ಯವಸ್ಥೆ. ಯಾವ ಸೀಟು ಖಾಲಿ, ಮುಂದೆ ಯಾವ ದಾರಿಗೆ ಬಸ್ಸು ಹೆಚ್ಚು ಬೇಕು, ಎಲ್ಲವೂ ಅದರಲ್ಲೇ ತಿಳಿಯಬೇಕು. ಯಜಮಾನ ಏನು ಮಾಡಿದ? ದುಡ್ಡು ಕೊಟ್ಟ. ಕಂಪ್ಯೂಟರಿಗೆ ಕುಂಕುಮ ಇಟ್ಟ, ಹಾರ ಹಾಕಿದ, ಕಾಯಿ ಒಡೆದ. ಸಭೆಗೆ ಕರೆದರೆ, "ಅದೆಲ್ಲಾ ನೀವೇ ನೋಡ್ಕೊಳ್ರಮ್ಮ" ಎಂದು ಕೈ ತೊಳೆದುಕೊಂಡ.

ಕೈ ತೊಳೆದುಕೊಂಡವನು ಬಾಯಿ ಕಟ್ಟಿಕೊಂಡನೇ? ಇಲ್ಲ! ನೆಂಟರು ಊರಿಗೆ ಹೊರಟರೆ ಸಾಕು, ಕಂಡಕ್ಟರಿಗೆ ಫೋನು: "ನಮ್ಮೋರು ಬರ್ತಾರೆ, ಮುಂದಿನ ಸೀಟು ಕೊಡಪ್ಪ." ಯಜಮಾನನೇ ಹೀಗಾದರೆ ಮ್ಯಾನೇಜರ್ ಬಿಡುತ್ತಾನೆಯೇ? ಏಜೆಂಟ್ ಬಿಡುತ್ತಾನೆಯೇ? ಅವರಿಗೂ ನೆಂಟರಿದ್ದಾರಲ್ಲ! ಜಗಳ ಎಂದಿನಂತೆಯೇ ನಡೆಯಿತು. ಯಜಮಾನ ಸಿಬ್ಬಂದಿಯನ್ನು ಬೈದದ್ದೇ ಬೈದದ್ದು.

ಹಬ್ಬದ ಹಿಂದಿನ ದಿನ ತುಂಬು ಗರ್ಭಿಣಿಯೊಬ್ಬಳು ಟಿಕೆಟ್ ಹಿಡಿದು ಬಸ್ಸು ಹತ್ತಿದಳು. ಅವಳ ಸೀಟಿನಲ್ಲಿ ಯಜಮಾನನ ಭಾವಮೈದುನ ಕಾಲು ಚಾಚಿ ಕೂತಿದ್ದಾನೆ.

"ಯಜಮಾನ್ರೇ ಫೋನ್ ಮಾಡಿದ್ರಮ್ಮ, ನಾನೇನ್ ಮಾಡ್ಲಿ?" ಎಂದ ಕಂಡಕ್ಟರ್.

ಅದೇ ಬಸ್ಸಿಗೆಂದು ಬಂದಿದ್ದ ಯಜಮಾನ ಬಾಗಿಲಲ್ಲಿ ನಿಂತು ಈ ಮಾತು ಕೇಳಿಸಿಕೊಂಡ. ನಾಚಿಕೆಯಿಂದ ತಲೆ ತಗ್ಗಿತು. ಇಷ್ಟು ದಿನ ಸಿಬ್ಬಂದಿಯನ್ನು ಬೈದನಲ್ಲ, ಕೆಡಿಸಿದ್ದು ತಾನೇ!

"ಏಳು ಮೇಲೆ" ಎಂದ.

"ಭಾವ, ನೀವೇ ಹೇಳಿದ್ರಲ್ಲಾ!"

"ಹೇಳಿದ್ದು ನನ್ನ ತಪ್ಪು. ನಾನೂ ಸೀಟು ಬುಕ್ ಮಾಡ್ಸಿಲ್ಲ. ಬಾ, ಇಬ್ರೂ ನಿಂತ್ಕೊಂಡೇ ಹೋಗೋಣ."

ಕಂಡಕ್ಟರ್ ತನ್ನ ಸೀಟು ಬಿಡಲು ಬಂದರೂ ಯಜಮಾನ ಒಪ್ಪಲಿಲ್ಲ. ತನ್ನದೇ ಬಸ್ಸಿನಲ್ಲಿ, ದಾರಿಯುದ್ದಕ್ಕೂ, ಕಂಬಿ ಹಿಡಿದು ನಿಂತ! ಸುದ್ದಿ ಎಲ್ಲ ಆಫೀಸಿಗೂ ಮುಟ್ಟಿತು. ಆಮೇಲೆ ಯಾರಿಗಿದೆ ಫೋನ್ ಮಾಡುವ ಧೈರ್ಯ? ಮಗಳ ಸಭೆಯಲ್ಲಿ ಅವನೇ ಮೊದಲು ಬಂದು ಕೂರತೊಡಗಿದ. ಮುಂದಿನ ಹಬ್ಬಕ್ಕೆ ಅಷ್ಟೂ ಬಸ್ಸುಗಳು ಜಗಳವಿಲ್ಲದೆ ಹೊರಟವು. ಬಿಟ್ಟುಹೋದವರು ಮರಳಿ ಬಂದರು. ಕಂಪನಿ ಉಳಿಯಿತು, ಬೆಳೆಯಿತು!

ನೋಡಿ, ಇಲ್ಲಿ ಕಥೆ ಕೇಳಲು ಕೂತವರಲ್ಲೂ ಯಜಮಾನರಿದ್ದೀರಿ. ಅಂಗಡಿಗೋ ಶಾಲೆಗೋ ಸಂಘಕ್ಕೋ ಹೊಸ ವ್ಯವಸ್ಥೆ ತಂದು, ಹಾರ ಹಾಕಿ ಎದ್ದು ಬಂದಿದ್ದೀರಿ. ನಾಳೆಯೇ ಹೋಗಿ ಆ ಸಭೆಯಲ್ಲಿ ಕೂತುಕೊಳ್ಳಿ. ನೀವು ಮಾಡಿದ ನಿಯಮ ಮೊದಲು ನಿಮಗೇ ಅನ್ವಯಿಸಲಿ. "ನಮ್ಮವರಿಗೆ ಸ್ವಲ್ಪ ನೋಡಿ" ಎನ್ನುವ ಫೋನು ಇವತ್ತಿಗೆ ನಿಲ್ಲಲಿ.

ಈಗ ಪ್ರಸಾದ. ಮುಂದಿನ ಕುರ್ಚಿಗಳ ದೊಡ್ಡವರೇ, ಸಾಲು ಹಿಂದಿನಿಂದ ಶುರುವಾಗಿದೆ. ಬನ್ನಿ, ನಾನೂ ನಿಮ್ಮ ಜೊತೆ ಸಾಲಿನ ಕೊನೆಯಲ್ಲೇ ನಿಲ್ಲುತ್ತೇನೆ.