ಹಮ್ಜಾ ಹೊಡೆದ ಮೂರು ಚುಕ್ಕೆ

ಹರಿಹರದ ಬೈಪಾಸ್ ಪಕ್ಕ, ಲಾರಿ ಗ್ಯಾರೇಜುಗಳ ಸಾಲಿನ ಹಿಂದೆ ಒಂದು ಹಾಳು ಬಾವಿ ಇದೆ. ಆವತ್ತು ರಾತ್ರಿ ಹನ್ನೊಂದೂವರೆ ದಾಟಿತ್ತು. ನಮ್ಮ ಪಕ್ಕದ ಮನೆಯ ಹಮ್ಜಾ ಕೆಲಸ ಮುಗಿಸಿ, ಮೂಗಿಗೆ ಕರ್ಚೀಫು ಒತ್ತಿಕೊಂಡು ಬಾವಿ ಪಕ್ಕದ ಕಾಲುದಾರಿ ಹಿಡಿದಿದ್ದ. ದೆವ್ವಕ್ಕೆ ಹೆದರಿ ಅಲ್ಲ... ನಾತಕ್ಕೆ. ಒಂದು ಕಾಲಕ್ಕೆ ಓಣಿಯೆಲ್ಲಾ ಕುಡಿದ ನೀರು ಅದು. ಆಮೇಲೆ ಹಮ್ಜಾ ದುಡಿಯುತ್ತಿದ್ದ ಗ್ಯಾರೇಜಿನ ಯಜಮಾನ ಪರಮೇಶ್ವರಪ್ಪ ಕರೀ ಆಯಿಲ್ಲು, ಹಳೇ ಫಿಲ್ಟರು, ಎಲ್ಲಾ ಹೊಲಸನ್ನೂ ಅದರೊಳಗೇ ಸುರಿಸುತ್ತಿದ್ದ. ನಾಯಿ ಸತ್ತು ಬಿದ್ದರೂ ಮುಳುಗದೆ ಮೇಲೇ ನಿಲ್ಲುತ್ತದೆ, ಅಷ್ಟು ಗಟ್ಟಿ ಕೊಳೆ. ಥೂ! ಹೇಳುವಾಗಲೇ ನನಗೆ ಗಂಟಲು ಕಹಿಯಾಗುತ್ತದೆ.

ಆಗ ಕೇಳಿಸಿತು.

ಝ್ರೀಂ... ಟಕ್. ಝ್ರೀಂ... ಟಕ್.

ಬಾವಿಯ ಒಳಗಿಂದ.

ನೀವೋ ನಾನೋ ಆಗಿದ್ದರೆ ಯಾವುದೋ ಹುಳ ಅಂದುಕೊಂಡು ಮುಂದೆ ಹೋಗುತ್ತಿದ್ದೆವು. ಹಮ್ಜಾ ಹನ್ನೆರಡು ವರ್ಷದಿಂದ ಟರ್ಬೊ ಮೇಸ್ತ್ರಿ. ಲಾರಿಯ ಕೀಲಿ ತಿರುಗಿಸಿದ ಕೂಡಲೇ ಆಕ್ಚುಯೇಟರ್ ಮಾಡುವ ಸದ್ದು ಅದು. ಟರ್ಬೊ ಪಕ್ಕ ಕೂರಿಸಿದ ಅಂಗೈಯಗಲದ ಡಬ್ಬಿ. ಒಳಗೆ ಸಣ್ಣ ಮೋಟರು, ಹಲ್ಲಿನ ಚಕ್ರ, ಹೊರಗೊಂದು ತೋಳು. ಕೀಲಿ ಕೊಟ್ಟರೆ ತೋಳು ಆ ತುದಿಯಿಂದ ಈ ತುದಿಗೆ ಆಡಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಟರ್ಬೊ ಎಂಜಿನ್ನಿಗೆ ಎಷ್ಟು ಗಾಳಿ ಊದಬೇಕು ಅನ್ನುವುದು ಅದರ ಕೈಲಿ. ಘಾಟಿ ಇಳಿಯುವಾಗ ಎಂಜಿನ್ ಬ್ರೇಕ್ ಹಿಡಿಯುವುದೂ ಅದರ ಕೈಲೇ. ಆದರೆ ಅದಕ್ಕೆ ಬ್ಯಾಟರಿ ಬೇಕು, ವೈರು ಬೇಕು. ಬಾವಿಯಲ್ಲಿ ಯಾವ ಬ್ಯಾಟರಿ?

ಹಮ್ಜಾ ನಿಂತ. ಸದ್ದೂ ನಿಂತಿತು.

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ಹೆಗಲ ಮೇಲೆ ಟವೆಲ್ಲು. ಮುಖ ಕಾಣಲಿಲ್ಲ. ಸುಟ್ಟ ಬ್ರೇಕ್ ಲೈನರಿನ ಘಾಟು ಮಾತ್ರ ಬಾವಿಯ ನಾತವನ್ನೂ ಮೀರಿ ಬಂತು.

"ಕೈಯಾಗ ಹಿಡ್ದು ನೋಡಿದ್ರೇನ್ರಿ, ಮೇಸ್ತ್ರಿ?"

ಪಿಸುಮಾತು... ಕಿವಿಯ ಪಕ್ಕದಲ್ಲೇ ಹೇಳಿದ ಹಾಗೆ.

"ಯಾ... ಯಾರದು?"

"ನೋಡಿದ್ರೇನ್ರಿ?"

"ಇಲ್ಲ."

"ಬರೇ ಲೈಟ್ ಆರಿಸಿದ್ರಿ."

"ಹೂಂ..."

"ನಂದೂ ಹಂಗೇ ಮಾಡಿದ್ರಿ."

ಹಮ್ಜಾನಿಗೆ ಬೆವರು ಒಡೆಯಿತು. ಯಾಕೆಂದರೆ ಆವತ್ತು ಸಂಜೆ ಅವನು ಮಾಡಿದ್ದೂ ಅದನ್ನೇ.

ಮಧ್ಯಾಹ್ನ ನಂದಿಗುಡಿಯ ದಿನೇಶ್ ತನ್ನ ಲಾರಿ ತಂದು ನಿಲ್ಲಿಸಿದ್ದ. ಸ್ಟೀರಿಂಗ್ ಮುಂದೆ ಎಚ್ಚರಿಕೆಯ ಹಳದಿ ಲೈಟು ಉರಿಯುತ್ತಿತ್ತು, ಏರು ಎಳೆಯುತ್ತಿರಲಿಲ್ಲ. ಅಕ್ಕಿ ಲೋಡಾಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಘಾಟಿ ಇಳಿದು ಮಂಗಳೂರು ಮುಟ್ಟಬೇಕು. ಸ್ಕ್ಯಾನರ್ ಹಾಕಿದರೆ ಆಕ್ಚುಯೇಟರ್ ಕೆಟ್ಟಿದೆ ಅನ್ನುವ ಕೋಡು ಬಂತು. ಕೋಡು ಬಂದ ಮಾತ್ರಕ್ಕೆ ಅದನ್ನೇ ಬದಲಿಸಬಾರದು, ಅಷ್ಟು ಹಮ್ಜಾನಿಗೆ ಗೊತ್ತು. ಆಕ್ಚುಯೇಟರಿನ ತೋಳನ್ನು ಟರ್ಬೊಗೆ ಜೋಡಿಸುವ ಕಡ್ಡಿ ಬಿಚ್ಚಿ, ಟರ್ಬೊದ ಲಿವರನ್ನು ಕೈಯಲ್ಲಿ ತಿರುಗಿಸಿದ. ಮಸಿ ಕಟ್ಟಿದ್ದರೆ ಅದು ಬಿಗಿಯಾಗಿರುತ್ತದೆ, ಇದು ಸಲೀಸಾಗಿ ಆಡಿತು. ಅಂದರೆ ಟರ್ಬೊ ಸರಿ ಇದೆ, ಕೆಟ್ಟಿದ್ದು ಆಕ್ಚುಯೇಟರೇ. ಇಲ್ಲಿಯವರೆಗೂ ಅವನ ಕೆಲಸ ಚೊಕ್ಕ.

ಪರಮೇಶ್ವರಪ್ಪ ಒಳಗಿನಿಂದ ಒಂದು ಆಕ್ಚುಯೇಟರ್ ತಂದುಕೊಟ್ಟ. ಬೆಳ್ಳಿ ಬಣ್ಣ, ಫಳಫಳ. "ಹೊಸದು ಐತೆ, ಹಾಕು," ಅಂದ. ಹೊಸದಂತೆ! ಗುಜರಿಯಿಂದ ಹಳೇದನ್ನು ತಂದು, ಡೀಸೆಲ್ಲಿನಲ್ಲಿ ತೊಳೆದು, ಸ್ಪ್ರೇ ಹೊಡೆದು ಡಬ್ಬಕ್ಕೆ ಹಾಕುವುದು ಅವನ ಹಳೇ ಕಸುಬು. ಸವೆದ ಆಕ್ಚುಯೇಟರ್ ತಣ್ಣಗಿದ್ದಾಗ ಚೆನ್ನಾಗಿಯೇ ಆಡುತ್ತದೆ. ಬಿಸಿಯಾದ ಮೇಲೆ ಒಳಗಿನ ಹಲ್ಲು ಜಾರುತ್ತದೆ. ಅದಕ್ಕೇ ಹಮ್ಜಾನ ಉಸ್ತಾದ್ ಹಯಾತ್ ಸಾಬ್ ಒಂದು ಪಾಠ ಹೇಳಿಕೊಟ್ಟಿದ್ದರು. ಎಂಜಿನ್ ಕಾಯಿಸು, ನಿಲ್ಲಿಸು, ಕಡ್ಡಿ ಬಿಚ್ಚು, ಕೀಲಿ ಕೊಡಿಸಿ ತೋಳನ್ನು ಬೆರಳಲ್ಲಿ ಅದುಮಿ ಹಿಡಿ. ಬೆರಳು ನೋಯುವ ಹಾಗೆ ತಳ್ಳಿದರೆ ಒಳ್ಳೇದು. ಕಟಕಟ ಅಂದರೆ ಎಸೆ.

ಹಮ್ಜಾ ಹಿಡಿಯಲಿಲ್ಲ. ಹಿಡಿದರೆ ಗೊತ್ತಾಗುತ್ತದೆ, ಗೊತ್ತಾದರೆ ಯಜಮಾನನ ಎದುರು ಬಾಯಿ ಬಿಡಬೇಕು. ಕೂರಿಸಿದ, ಕೋಡು ಅಳಿಸಿದ, ಲೈಟು ಆರಿತು. ತಾನು ಹಾಕಿದ ಪ್ರತಿ ಸಾಮಾನಿಗೂ ಚೂಪು ಮೊನೆಯ ಪಂಚಿನಲ್ಲಿ ಮೂರು ಚುಕ್ಕೆ ಹೊಡೆಯುವುದು ಅವನ ರೂಢಿ, ನಾಳೆ ಯಾರೂ ಅದಲುಬದಲು ಮಾಡಿ ತಕರಾರು ತೆಗೆಯಬಾರದಲ್ಲ. ಈ ಸಲ ಅದನ್ನೂ ಹೊಡೆಯಲಿಲ್ಲ. ಅಸಹ್ಯವಾಗಿ ಕೈಯೇ ಏಳಲಿಲ್ಲವಂತೆ.

ಕಟ್ಟೆಯ ಮೇಲಿನವನು ಮತ್ತೆ ಕೇಳಿದ.

"ನಾಕಕ್ಕೆ ಹೊರಡ್ತಾನೇನ್ರಿ?"

ಹಮ್ಜಾ ಬಂದ ದಾರಿಗೇ ತಿರುಗಿದ. ಗ್ಯಾರೇಜಿನ ಕಡೆಗೆ ಓಡಿದ.

ಲಾರಿ ಅಂಗಳದಲ್ಲೇ ನಿಂತಿತ್ತು. ದಿನೇಶ್ ಕ್ಯಾಬಿನ್ನಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಹಮ್ಜಾ ಅವನನ್ನು ಎಬ್ಬಿಸಿ, ಎಂಜಿನ್ ಕಾಯಿಸಿ, ನಿಲ್ಲಿಸಿ, ಕಡ್ಡಿ ಬಿಚ್ಚಿದ.

"ಕೀಲಿ ಕೊಡು."

ಝ್ರೀಂ... ತೋಳನ್ನು ಹೆಬ್ಬೆರಳಲ್ಲಿ ಅದುಮಿದ.

ಕಟ... ಕಟ... ಕಟಕಟ.

ಆಕ್ಚುಯೇಟರ್ ಬಿಚ್ಚಿ ಮೊಬೈಲ್ ಬೆಳಕಿಗೆ ಹಿಡಿದ. ಬಿಸಿಗೆ ಮೆತ್ತಗಾಗಿದ್ದ ಬಣ್ಣ ಉಗುರಿಗೆ ಸಿಪ್ಪೆಯಾಗಿ ಬಂತು. ಕೆಳಗೆ ಚುಕ್ಕೆ. ಒಂದು... ಎರಡು... ಮೂರು. ಮೂರನೆಯದು ಸ್ವಲ್ಪ ವಾರೆ.

ವಾರೆ ಚುಕ್ಕೆಯನ್ನು ಹಮ್ಜಾ ಜನ್ಮದಲ್ಲಿ ಒಂದೇ ಸಲ ಹೊಡೆದಿದ್ದ. ಹೋದ ವರ್ಷ, ಲೋಕಿಕೆರೆಯ ಯೋಗರಾಜನ ಲಾರಿಗೆ. ಪಂಚು ಜಾರಿತ್ತು, ಇಬ್ಬರೂ ನಕ್ಕಿದ್ದರು. ಆವತ್ತೂ ಬಣ್ಣದ ಸಾಮಾನೇ, ಆವತ್ತೂ ಹಿಡಿದು ನೋಡಿರಲಿಲ್ಲ. ಆರನೇ ದಿನ ಘಾಟಿಯಲ್ಲಿ ಎಂಜಿನ್ ಬ್ರೇಕ್ ಹಿಡಿಯಲಿಲ್ಲ. ಕಾಲಿನ ಬ್ರೇಕನ್ನೇ ಒತ್ತಿ ಒತ್ತಿ ಲೈನರ್ ಸುಟ್ಟು, ಲಾರಿ ಕಮರಿಗೆ ಬಿತ್ತು. ಯೋಗರಾಜನ ಮಣ್ಣಿಗೆ ಹೋದಾಗ ಪರಮೇಶ್ವರಪ್ಪ ಹೂವಿನ ಹಾರ ಬೇರೆ ಹಾಕಿ ಬಂದಿದ್ದ. ಆಮೇಲೆ ಅದೇ ಲಾರಿಯ ಅವಶೇಷ ಗುಜರಿಗೆ ಬಂದಾಗ, ಈ ಪುಣ್ಯಾತ್ಮ ಅದನ್ನೇ ಬಿಚ್ಚಿಸಿ ತಂದು, ರಕ್ತ ತೊಳೆದನೋ ಮಸಿ ತೊಳೆದನೋ... ಮತ್ತೆ ಬಣ್ಣ ಹೊಡೆದಿದ್ದ. ಮನುಷ್ಯನೇನ್ರೀ ಅವನು?

ಹಮ್ಜಾ ಲಾರಿಯ ಚಕ್ರ ಹಿಡಿದುಕೊಂಡು ವಾಂತಿ ಮಾಡಿದ.

"ಏನಾತು ಹಮ್ಜಾಭಾಯ್?"

"ನೀ ಹೋಗ್ಬ್ಯಾಡ. ಇದು ಯೋಗರಾಜನ ಗಾಡೀದು. ನಾನೇ ಹಾಕಿದ್ದೆ."

ದಿನೇಶ್ ಒಂದು ಹೆಜ್ಜೆ ಹಿಂದೆ ಸರಿದು, ಪಕ್ಕಕ್ಕೆ ತಿರುಗಿ ಉಗಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನುತ್ತಾನೆ ಹಮ್ಜಾ.

ಅವನು ಆ ಆಕ್ಚುಯೇಟರನ್ನು ಒಯ್ದು ಬಾವಿಗೆ ಎಸೆದ. ಪಂಚನ್ನೂ ಅದರ ಹಿಂದೆಯೇ ಎಸೆದ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಬಗ್ಗಿ ಕಿವಿಗೊಟ್ಟ... ಎರಡೂ ಬಿದ್ದ ಸದ್ದು ಬರಲೇ ಇಲ್ಲ.

ಬೆಳಗ್ಗೆ ಪರಮೇಶ್ವರಪ್ಪ ಕೂಗಾಡಿದ. "ಲೇ, ಗಿರಾಕಿ ಮುಂದೆ ಮರ್ಯಾದಿ ಕಳೀತೀಯಾ? ಬರೇ ಒಂದು ಪೀಸು ಕೆಟ್ಟಿತ್ತು ಅಂತ..."

"ಉಳಿದವನ್ನೂ ತೆಗೀರಿ ಸಾವ್ಕಾರ್ರೇ. ಕೈಯಾಗ ಹಿಡ್ದು ನೋಡಾನ."

ದಿನೇಶ್ ಅಲ್ಲೇ ನಿಂತಿದ್ದ, ಅಕ್ಕಪಕ್ಕದ ಗ್ಯಾರೇಜಿನವರೂ ಸೇರಿದ್ದರು. ಪರಮೇಶ್ವರಪ್ಪನಿಗೆ ಬೇರೆ ದಾರಿ ಇರಲಿಲ್ಲ. ಸಾಮಾನಿನ ಕಪಾಟಿನ ಕೀಲಿ ಹಗಲೂ ರಾತ್ರಿ ಅವನ ಉಡಿದಾರದಲ್ಲೇ ಇರುತ್ತಿತ್ತು. ತೆಗೆದ. ಹನ್ನೊಂದು ಡಬ್ಬ, ಹನ್ನೊಂದಕ್ಕೂ ಅಂಟಿಸಿದ ಟೇಪು ಹಾಗೇ ಇತ್ತು. ಮೊದಲನೆಯದನ್ನು ಹರಿದು ಸಾಮಾನು ಕೈಗೆ ತೆಗೆದುಕೊಂಡವನು ಬೆಳಕಿಗೆ ತಿರುಗಿಸಿ ನೋಡಿ ಕೆಳಗಿಟ್ಟ. ಎರಡನೆಯದನ್ನು ಹರಿದ. ಮೂರನೆಯದನ್ನೂ ನೋಡಿ, ಉಳಿದವನ್ನೆಲ್ಲಾ ಒಂದರ ಹಿಂದೆ ಒಂದು ಹರಿದು ಹಾಕಿದ.

ಅವನು ಗ್ಯಾರೇಜು ಮುಚ್ಚಿ ಎಲ್ಲಿಗೋ ಹೋದ. ದಿನೇಶ್ ಎರಡು ದಿನ ತಡವಾಗಿ, ಅಸಲಿ ಸಾಮಾನು ಹಾಕಿಸಿಕೊಂಡು ಘಾಟಿ ಇಳಿದ. ಹಮ್ಜಾ ಈಗ ದಾವಣಗೆರೆಯಲ್ಲಿ ಬೇರೆ ಕಡೆ ಕೆಲಸ ಮಾಡುತ್ತಾನೆ. ಅವನ ಹೆಬ್ಬೆರಳಿನ ಉಗುರು ಯಾವಾಗಲೂ ನೀಲಿಗಟ್ಟಿರುತ್ತದೆ, ನೀವೇ ನೋಡಿರಬಹುದು.

ಆ ಹನ್ನೊಂದೂ ಒಂದೇ ಥರ ಇದ್ದವಂತೆ, ಅದರಲ್ಲಿ ಒಂದನ್ನು ಅವನು ಮನೆಗೆ ತಂದ. ಹೆಂಡತಿ ಆಮ್ನಾ ಒಳಗೆ ಬಿಟ್ಟುಕೊಳ್ಳಲಿಲ್ಲ. ಅದಕ್ಕೇ ಅದು ನಮ್ಮ ಹಿತ್ತಿಲ ಗೂಡಿನಲ್ಲಿದೆ. ನಾನು ಕಟ್ಟಿ ಹೇಳುತ್ತಿಲ್ಲ... ನಂಬಿಕೆಯಿಲ್ಲದವರು ಈಗಲೇ ಎದ್ದು ಬನ್ನಿ, ಟಾರ್ಚು ಕೊಡುತ್ತೇನೆ. ಬಣ್ಣ ಎಲ್ಲೂ ಕಿತ್ತಿಲ್ಲ. ಬಣ್ಣದ ಮೇಲೇ ಮೂರು ಚುಕ್ಕೆ ಇವೆ. ಮೂರನೆಯದು ವಾರೆ.