ಕಾರಂಜಿಗೆ ಕೈಯೆತ್ತಿದವರು

ಶಿವಾಜಿನಗರ ಬಸ್‌ಸ್ಟ್ಯಾಂಡಿನ ಹೆಂಗಸರ ಶೌಚಾಲಯದ ಸಾಲು. ನನ್ನ ಮುಂದೆ ನಿಂತಿದ್ದವರು ಒಂದೇ ಗಲ್ಲಿಯ ಯಂಕಮ್ಮ ಮತ್ತು ಇಮಾಮ್ ಬೀ.

“ಬೂಬಮ್ಮಾ, ನಮ್ಮ ಗಲ್ಲಿ ಸಂಡಾಸ ಯಾಕ ಕೆಡವಿದ್ರು?”

“ಅಲ್ಲಿ ಕಾರಂಜಿ ಕಟ್ಟಿದಾರಲ್ಲ, ಯಂಕಮ್ಮ. ಜನರನ್ನ ಕೇಳೇ ಮಾಡಿದ್ದಂತೆ.”

“ಯಾವ ಜನ?”

“ನಾವೇ! ಕಾರ್ಪೊರೇಷನ್‌ನವರು ಶಾಮಿಯಾನ ಹಾಕಿ ಮಾಡಿದ ಮೀಟಿಂಗಲ್ಲಿ ನೀನೂ ಕೈ ಎತ್ತಿದ್ದೆ.”

“ಅಯ್ಯ! ಆ ಸಾಹೇಬ ಇಂಗ್ಲಿಷ್‌ನಾಗ ಏನೋ ಕೇಳಿದ. ಊಟದ ಪೊಟ್ಟಣ ಎಷ್ಟ ಮಂದಿಗೆ ಬೇಕಂತ ಎಣಸಾಕತ್ಯಾನ ಅಂದ್ಕೊಂಡೆ.”

“ನಾನು ಎರಡೂ ಕೈ ಎತ್ತಿದ್ದೆ. ಮನೇಲಿದ್ದ ಮಗಳಿಗೂ ಒಂದಿರಲಿ ಅಂತ.”

“ಪೊಟ್ಟಣ ಬಂತೇನು?”

“ಎಲ್ಲಿ ಬಂತು? ನಮ್ಮ ಕೈಗಳ ಫೋಟೋ ಹೊಡ್ಕೊಂಡು ಹೋದರು.”

“ಮಗಳು ಈಗ ಹೆಂಗ ಮಾಡ್ತಾಳ?”

“ನೀರು ಕುಡಿಯೋದೇ ಬಿಟ್ಟಿದ್ದಾಳೆ. ಉಚ್ಚೆಗೆ ಕೂತರೆ ಉರಿ ಉರಿ ಅಂತ ಅಳ್ತಾಳೆ.”

ಯಂಕಮ್ಮ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು.

“ಕಾರಂಜಿ ಉದ್ಘಾಟನೆ ಯಾವಾಗ?”

“ಭಾನುವಾರ ಬೆಳಿಗ್ಗೆ. ಮೇಯರ್ ಬರ್ತಾರಂತೆ.”

“ಹಂಗಾದ್ರ ಗಲ್ಲಿ ಹೆಂಗಸರಿಗೆಲ್ಲ ಹೇಳು. ಅವತ್ತು ಯಾರೂ ಬಸ್‌ಸ್ಟ್ಯಾಂಡಿಗೆ ಬರೂದು ಬ್ಯಾಡ. ಒಂದೊಂದು ಚೊಂಬು ಹಿಡ್ಕೊಂಡು ಕಾರಂಜಿ ಸುತ್ತ ಕುಂಡ್ರೂಣು.”

“ತೌಬಾ! ಮೇಯರ್ ಮುಂದೇನಾ?”

“ಅವರ ಮುಂದನ. ನೀರು ಹೆಂಗೂ ಅಲ್ಲೇ ಐತಿ.”

ಬಾಗಿಲು ತೆರೆಯಿತು. ಯಂಕಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಇಮಾಮ್ ಬೀ ಹಿಂದಕ್ಕೆ ತಿರುಗಿ, ಸಾಲಿನಲ್ಲಿ ತನ್ನ ಗಲ್ಲಿಯವರು ಇನ್ನೆಷ್ಟು ಜನ ಇದ್ದಾರೆಂದು ನೋಡತೊಡಗಿದಳು.